ದೀಪದ ಸುತ್ತ ಬಣ್ಣದ ಬಳೆ

ಜೂನ್ 5, 1927. ಭಾನುವಾರ

ದಕ್ಷಿಣ ಗೋಳದ ಚಳಿಗಾಲ, ಬೆಟ್ಟದ ಮೇಲೆ ಅರ್ಧದವರೆಗೆ ಹಿಮ. ನೈರುತ್ಯದ ಗಾಳಿ. ಬಂದರಿನಲ್ಲಿ ಈ ಋತುವಿನ ಕೊನೆಯ ಸೇಬಿನ ಹಡಗು. ಪತ್ರಿಕೆಗೆ ನಾಳೆಯ ಭರತ-ಇಳಿತದ ಪಟ್ಟಿ ಮಧ್ಯಾಹ್ನವೇ ಕೊಟ್ಟು ಹೊರಟೆ. ನಾಲ್ಕಕ್ಕೆ ಹ್ಯಾಲೆಟ್ ಸೋದರಿಯರ ಮನೆ. ಎಂದಿನ ಹಾಗೆ ಮೊದಲು ಅಡುಗೆಮನೆ. ತಂಗಿ ನೆಟ್ಟಿ ಮಾಡಿದ ಬಿಸಿ ಸ್ಕೋನ್ ಬನ್ನು, ಎರಡು ಕಪ್ ಚಹಾ. ಒಂಟಿ ಗಂಡಸರು ಭಾನುವಾರ ಸರಿಯಾಗಿ ಉಣ್ಣುವುದಿಲ್ಲ ಎಂಬುದು ಆಕೆಯ ಖಚಿತ ಅಭಿಪ್ರಾಯ. ಓದುವ ಕೋಣೆಗೆ ಆಕೆ ಕಾಲಿಡುವುದಿಲ್ಲ. ಅಲ್ಲಿ ನಡೆಯುವುದರಲ್ಲಿ ನಂಬಿಕೆಯೂ ಇಲ್ಲ.

"ಇವತ್ತು ಯಾವ ಪ್ರಾಣಿ ಹೊಟ್ಟೆ ಬಗೀತೀರಿ?"

ಬೈಬಲಿನ ಕೊನೆಯ ಪುಸ್ತಕ ಪ್ರಕಟನೆ, ನಾಲ್ಕನೇ ಅಧ್ಯಾಯ, ನಾಲ್ಕು ಜೀವಿಗಳು ಎಂದೆ.

"ನಾಲ್ಕೂ ಒಂದೇ ದಿನಾನಾ. ಹಾಗಾದ್ರೆ ಇನ್ನೊಂದು ಸ್ಕೋನ್ ತಗೊಳ್ಳಿ."

ಅಕ್ಕನಿಗೆ ಮೂರು ದಿನದಿಂದ ಎಡಗಡೆ ತಲೆನೋವಂತೆ. ಯಾರಿಗೂ ಹೇಳಬೇಡ ಎಂದಿದ್ದಾರಂತೆ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಪತ್ರಿಕೆಯವನ ಚಾಳಿ.

ನಾಲ್ಕೂವರೆಗೆ ಒಳಗೆ. ಮೂರೇ ಜನ. ಮೊದಲು ಹನ್ನೊಂದು ಜನ ಇದ್ದೆವು. ಮಿಸ್ ಥಿಯೊಡೋರಾ ಹ್ಯಾಲೆಟ್, ಅರವತ್ತೇಳು, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು. ಕ್ಯಾಪ್ಟನ್ ಆರ್ಚರ್ಡ್, ನಲವತ್ತು ವರ್ಷ ಹಡಗುಗಳನ್ನು ನದೀಮುಖದಿಂದ ಬಂದರಿಗೆ ತಂದ ಪೈಲಟ್. ನಾನು. ಮಿಸ್ ಹ್ಯಾಲೆಟ್ ಅವರ ಮಾತನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳಲು ಮೂರು ವರ್ಷದ ಹಿಂದೆ ಬಂದವನು ಕೇಳಲು ಉಳಿದೆ.

ಮನೆಯ ನಿಯಮ: ಓದುವ ಮೊದಲು ಪ್ರತಿಯೊಬ್ಬರೂ ವಾರದಲ್ಲಿ ನಡೆದದ್ದೊಂದನ್ನು ಹೇಳಬೇಕು. ಅದಕ್ಕೆ ಕಾರಣ ಕೇಳುವಂತಿಲ್ಲ. ಬೈಬಲಿನಲ್ಲಿ ಅದರ ಜಾಗ ಹುಡುಕಬೇಕು. ಬೈಬಲು ಹಿಂದೆ ಯಾರಿಗೋ ಆದದ್ದಲ್ಲ, ಪ್ರತಿ ಮನುಷ್ಯನೊಳಗೂ ಆಗುತ್ತಿರುವುದು — ಇದು ಮಿಸ್ ಹ್ಯಾಲೆಟ್ ಅವರ ಪಾಠದ ಮೊದಲ ಸಾಲು. ದಾಸತ್ವದ ನಾಡು ಐಗುಪ್ತವೆಂದರೆ ಈ ದೇಹ. ನೋಹನ ನಾವೆಯ ಮೂರು ಅಂತಸ್ತು ದೇಹ, ಮನಸ್ಸು, ಆತ್ಮ. ಕ್ಯಾಪ್ಟನ್ನರ ಛಾವಣಿ ಸೋರಲು ಶುರುವಾದಾಗ ಆರು ವಾರ ಜಲಪ್ರಳಯದ ಒಳ ಅರ್ಥ ಹುಡುಕಿದೆವು. ಛಾವಣಿ ಇನ್ನೂ ಸೋರುತ್ತಿದೆ.

ಇವತ್ತು ಮಿಸ್ ಹ್ಯಾಲೆಟ್ ತಾವೇ ಮೊದಲು ಹೇಳಿದರು. ಗುರುವಾರದಿಂದ ಮುಸ್ಸಂಜೆ ಹೊತ್ತು ದೀಪದ ಸುತ್ತ ಒಂದು ಬಳೆ ಕಾಣುತ್ತಿದೆ. ಬಣ್ಣಬಣ್ಣದ್ದು. ಈಗಲೂ ಕಾಣುತ್ತಿದೆ.

ಮೇಜಿನ ಮೇಲೆ ಸೀಮೆಎಣ್ಣೆ ದೀಪ. ನನಗೆ ಬರೀ ದೀಪ ಕಂಡಿತು. ಅವರ ಮುಖ ನೋಡಿದೆ.

ಓದಬೇಕಿದ್ದ ಅಧ್ಯಾಯದ ಮೂರನೇ ವಚನದಲ್ಲೇ ಇದೆ: ಸಿಂಹಾಸನದ ಸುತ್ತ ಪಚ್ಚೆಯ ಹಾಗೆ ಹೊಳೆಯುವ ಮುಗಿಲುಬಿಲ್ಲು.

ಮೂವರೂ ದೀಪವನ್ನೇ ನೋಡುತ್ತ ಕೂತೆವು. ಗಡಿಯಾರ ನೋಡಿ ಬರೆಯುತ್ತಿದ್ದೇನೆ. ಐದು ನಿಮಿಷ.

ಜೂನ್ 19. ಭಾನುವಾರ

ಬಳೆಯ ವಿವರ, ಅವರು ಹೇಳಿದಂತೆ: ಒಳಗಡೆ ನೀಲಿ, ಹೊರಗಡೆ ಕೆಂಪು, ನಡುವೆ ಹಸಿರು. ಅಗಲ ತೋಳು ಚಾಚಿ ಹಿಡಿದ ಚಹಾ ತಟ್ಟೆಯಷ್ಟು. ಟ್ರ್ಯಾಮ್ ದೀಪಕ್ಕೂ ಇತ್ತು. ಹಗಲು ಇಲ್ಲ. ಈ ವಾರ ಮಂಗಳ, ಬುಧ, ಶನಿ.

ತಲೆನೋವು, ನೆಟ್ಟಿ ಹೇಳಿದಂತೆ: ಮಂಗಳ, ಬುಧ, ಶನಿ.

ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿದ್ದೇನೆ.

ಜುಲೈ 3. ಭಾನುವಾರ

ಇಂಥ ಸಂಜೆ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ. ಹನ್ನೆರಡು ಪುಟ ಶಾರ್ಟ್‌ಹ್ಯಾಂಡ್. ದೀಪದ ಬೆಳಕನ್ನೇ ನೋಡುತ್ತಾ ಮಾತಾಡಿದರು. ಪ್ರವಾದಿ ಯೆಹೆಜ್ಕೇಲ ಕಂಡ ಚಕ್ರದೊಳಗಿನ ಚಕ್ರ ಆಕಾಶದಲ್ಲಿ ಉರುಳಿದ್ದಲ್ಲ. ಮನುಷ್ಯ ತನ್ನನ್ನು ತಾನು ನೋಡಲು ತಿರುಗಿದಾಗ ಕಾಣುವ ಮೊದಲ ಆಕಾರ ಅದು. ಅದರ ಅಂಚಿನ ತುಂಬ ಕಣ್ಣುಗಳಿದ್ದವು, ಯಾಕೆಂದರೆ ಅಲ್ಲಿ ನೋಡುವುದೂ ನೋಡಿಸಿಕೊಳ್ಳುವುದೂ ಒಂದೇ. ಪ್ರಕಟನೆಯ ಕೊನೆಯಲ್ಲಿ ಇಳಿದು ಬರುವ ಪಟ್ಟಣ ಮೇಲಿನಿಂದ ಇಳಿಯುವುದಲ್ಲ, ಒಳಗಿನಿಂದ ಹೊರಗೆ ಬರುವುದು. ಅದರ ಹನ್ನೆರಡು ಬಾಗಿಲೂ ನಮ್ಮಲ್ಲೇ ಇವೆ. ಹೆಚ್ಚಿನವರು ಒಂದನ್ನೂ ತೆರೆಯದೆ ಸಾಯುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಪತ್ರಿಕೆ. ಹಡಗು ಬಂತು, ಹಡಗು ಹೋಯಿತು. ಯಾವ ಸುದ್ದಿಯನ್ನೂ ಮನೆಗೆ ತಂದು ಮತ್ತೆ ಓದಿರಲಿಲ್ಲ.

ಹೊರಡುವಾಗ ಕ್ಯಾಪ್ಟನ್ ಎಡಗಡೆಯಿಂದ ಕೈ ಚಾಚಿದರು. ಮಿಸ್ ಹ್ಯಾಲೆಟ್ ನೋಡಲಿಲ್ಲ. ಎಲ್ಲೋ ದೂರದಲ್ಲಿದ್ದಾರೆ ಎಂದುಕೊಂಡೆವು.

ಜುಲೈ 14. ಗುರುವಾರ, ಮಧ್ಯಾಹ್ನ 3.15. ಕಚೇರಿ

ಆರೋಗ್ಯ ಅಂಕಣದ ಪ್ರೂಫ್ ನನ್ನ ಮೇಜಿಗೆ ಬಂತು. ಪ್ರೂಫ್ ತಿದ್ದುವವನಿಗೆ ಜ್ವರ, ರಜೆ. ಉತ್ತರದ ಊರಿನಿಂದ ಒಬ್ಬ ಮಹಿಳೆ ಕೇಳಿದ್ದಾಳೆ: ಸಂಜೆ ದೀಪಗಳ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುತ್ತದೆ, ಜೊತೆಗೆ ತಲೆನೋವು, ಏನು? ಉತ್ತರ ನಾಲ್ಕು ಸಾಲು. ಕಣ್ಣುಗುಡ್ಡೆಯೊಳಗೆ ಒತ್ತಡ ಏರಿದೆ. ಗ್ಲಾಕೋಮಾ. ತಡಮಾಡಿದರೆ ದೃಷ್ಟಿ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಇವತ್ತೇ ಕಣ್ಣಿನ ಡಾಕ್ಟರರನ್ನು ಕಾಣಿರಿ.

ಒಂದು ಅಲ್ಪವಿರಾಮ ಸರಿಮಾಡಿದೆ. ಸಹಿ ಹಾಕಿದೆ. ಅಚ್ಚಿಗೆ ಕಳಿಸಿದೆ.

ಆಮೇಲೆ ನೋಟ್‌ಬುಕ್ ತೆಗೆದು ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟೆ. ಬಳೆಯ ದಿನ, ನೋವಿನ ದಿನ. ಒಂದೂ ತಪ್ಪಿಲ್ಲ.

ಬಳೆ ಕ್ಯಾಪ್ಟನ್ನರಿಗೆ ಗೊತ್ತು, ನೋವು ಗೊತ್ತಿಲ್ಲ. ನೋವು ನೆಟ್ಟಿಗೆ ಗೊತ್ತು, ಬಳೆ ಗೊತ್ತಿಲ್ಲ. ಎರಡೂ ಗೊತ್ತಿರುವವನು ನಾನೊಬ್ಬನೇ.

ಜುಲೈ 17. ಭಾನುವಾರ

ಪ್ರೂಫಿನ ಆ ಉತ್ತರ ನಕಲು ಮಾಡಿಕೊಂಡ ಚೀಟಿ ಜೇಬಿನಲ್ಲಿತ್ತು. ಹೇಳಲಿಲ್ಲ.

ಅವರು ಏಳು ಮುದ್ರೆಗಳ ಬಗ್ಗೆ ಮಾತಾಡುತ್ತಿದ್ದರು. ನಿಲ್ಲಿಸಲಾಗಲಿಲ್ಲ... ನಿಲ್ಲಿಸಲು ಮನಸ್ಸಾಗಲಿಲ್ಲ. ಎರಡನೆಯದೇ ನಿಜ.

ಜುಲೈ 24. ಭಾನುವಾರ

ಹೇಳಿದೆ.

ವಾರದ ಸಂಗತಿ ಹೇಳುವ ನನ್ನ ಸರದಿ ಬಂದಾಗ ಚೀಟಿ ತೆಗೆದು ಓದಿದೆ. ನೆಟ್ಟಿ ಹೇಳಿದ್ದ ನೋವಿನ ದಿನಗಳನ್ನೂ ಓದಿದೆ. ಕ್ಯಾಪ್ಟನ್ ಪೈಪ್ ಕೆಳಗಿಟ್ಟರು.

"ಯೆಹೆಜ್ಕೇಲನ್ನ ಡಾಕ್ಟರ್ ಹತ್ರ ಕಳಿಸಿದ್ರೆ ನಮಗೆ ಆ ಚಕ್ರಗಳೇ ಸಿಗ್ತಿರಲಿಲ್ಲ ಕಣಯ್ಯಾ."

ಮಿಸ್ ಹ್ಯಾಲೆಟ್ ನನ್ನ ಕಡೆ ತಿರುಗಿದರು. ಪೂರ್ತಿ ತಿರುಗಬೇಕಾಯಿತು. ನಾನು ಎಡಕ್ಕೆ ಕೂತಿದ್ದೆ.

"ಇದು ನಿಮಗೆ ಯಾವಾಗ ಗೊತ್ತಾಯ್ತು, ಮಿಸ್ಟರ್ ಪಿಲ್ಬೀಮ್?"

"ಗುರುವಾರ. ಹೋದ ವಾರದ್ದಲ್ಲ, ಅದರ ಹಿಂದಿನದು."

"ಹತ್ತು ದಿನ. ಯಾಕೆ ಸುಮ್ನಿದ್ರಿ?"

"ನೀವು ಕಂಡಿದ್ದು ನಿಜ ಆಗಿರ್ಲಿ ಅಂತ."

ಬೈಯಲಿಲ್ಲ. ಅದೇ ಕಷ್ಟವಾಯಿತು. ಪ್ರಕಟನೆಗೆ ತಾವು ಬರೆಯುತ್ತಿರುವ ವ್ಯಾಖ್ಯಾನದಲ್ಲಿ ಎರಡೇ ಅಧ್ಯಾಯ ಉಳಿದಿವೆ, ಅದು ಮುಗಿದ ಮೇಲೆ ಡಾಕ್ಟರರನ್ನು ನೋಡೋಣ ಎಂದರು. ತೆರೆಯುತ್ತಿರುವ ಬಾಗಿಲಿಗೆ ಔಷಧಿ ಹಾಕಿ ಮುಚ್ಚಲು ತಮಗೆ ಧೈರ್ಯವಿಲ್ಲ ಎಂದರು.

ಅಡುಗೆಮನೆಯಲ್ಲಿ ನೆಟ್ಟಿಗೂ ತಿಳಿಸಿದೆ. ಒಲೆಯ ಕಡೆ ತಿರುಗಿ ನಿಂತಳು.

"ಈ ಐವತ್ತು ದಿನವೂ ಒಂದೇ ಛಾವಣಿ ಕೆಳಗೆ ಇದ್ದೀವಿ. ದೀಪ ಹೀಗೆ ಕಾಣುತ್ತೆ ಅಂತ ನನ್ನ ಹತ್ರ ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ, ಅವಳ ಕಿವಿ ಹಿಡ್ಕೊಂಡು ಎಳ್ಕೊಂಡು ಹೋಗ್ತಿದ್ದೆ."

ಆಮೇಲೆ ಇನ್ನೂ ಮೆಲ್ಲಗೆ ಹೇಳಿದಳು. ನಾನು ತಲೆನೋವಿನ ವಿಷಯ ಬಾಗಿಲ ಈಚೆಗೇ ಇಟ್ಟುಕೊಂಡೆ, ನೀವು ಬಳೆಯ ವಿಷಯ ಬಾಗಿಲ ಆಚೆಗೇ ಇಟ್ಟುಕೊಂಡಿರಿ.

ಜುಲೈ 28. ಗುರುವಾರ

ನೆಟ್ಟಿ ಡಾಕ್ಟರರ ಸಮಯ ಗೊತ್ತುಮಾಡಿದಳು. ಅಕ್ಕ ಹೋಗಲಿಲ್ಲ. ಇಪ್ಪತ್ತೊಂದನೇ ಅಧ್ಯಾಯ ಬರೆಯುತ್ತಿದ್ದಾರೆ, ಅಕ್ಷರ ಸಾಲು ಬಿಟ್ಟು ಇಳಿಯುತ್ತಿದೆ.

ಆಗಸ್ಟ್ 3. ಬುಧವಾರ, ಬೆಳಿಗ್ಗೆ 11

ಕಚೇರಿಗೆ ಫೋನ್. ನೆಟ್ಟಿ. ಅಕ್ಕನಿಗೆ ಬೆಳಗಿನಿಂದ ವಾಂತಿ. ಎಡಗಣ್ಣು ಕೆಂಪಾಗಿ ಗೋಲಿಯ ಹಾಗೆ ಗಟ್ಟಿಯಾಗಿದೆ. ಟ್ಯಾಕ್ಸಿ ಸಿಕ್ಕಿಲ್ಲ. ಕ್ಯಾಪ್ಟನ್ ಪಕ್ಕದ ಬೇಕರಿಯವನ ಗಾಡಿ ತಂದಿದ್ದಾರೆ.

ಹೊರಟೆ. ನಾಳೆಯ ಭರತ-ಇಳಿತದ ಪಟ್ಟಿ ಕೊಟ್ಟಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಆಗಸ್ಟ್ 28. ಭಾನುವಾರ

ಬರೆಯಲು ಕೂತು ಏಳುತ್ತಿದ್ದೆ. ಇಷ್ಟು ದಿನ ಆಯಿತು. ಸಂಗತಿಗಳು ಮಾತ್ರ:

ಎಡಗಣ್ಣು ಹೋಯಿತು. ಬಲಗಣ್ಣಿನಲ್ಲೂ ಒತ್ತಡ ಶುರುವಾಗಿತ್ತು, ಆಪರೇಷನ್ ಮಾಡಿದರು, ಉಳಿಯುತ್ತದೆ. ಮುಖ ಕಾಣುತ್ತದೆ, ಬಾಗಿಲು ಕಾಣುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಹತ್ತು ದಿನ ಮೊದಲು ಬಂದಿದ್ದರೆ ಎಂದು ಕೇಳಿದೆ. ಡಾಕ್ಟರ್ ಸುಳ್ಳು ಹೇಳಲಿಲ್ಲ. ಎಡಗಣ್ಣೂ ಉಳಿಯಬಹುದಿತ್ತು ಎಂದರು.

ಬಳೆಗಳು ಹೋದವು.

ಇವತ್ತು ಮಿಸ್ ಹ್ಯಾಲೆಟ್ ಆಸ್ಪತ್ರೆಯಿಂದ ಮನೆಗೆ ಬಂದರು. ನಾನು ಕ್ಷಮೆ ಕೇಳಲು ಎದ್ದು ನಿಂತೆ. ಕೂರಿ ಎಂದರು, ಶಾಲೆಯ ದನಿಯಲ್ಲಿ.

"ಯಾಕೋಬ ಕನಸಲ್ಲಿ ಕಂಡ ಸ್ವರ್ಗದ ಏಣಿಯ ಬುಡ ನೆಲದ ಮೇಲಿತ್ತು. ಅಷ್ಟು ಸ್ಪಷ್ಟವಾಗಿ ಬರೆದಿದೆ. ನಾನು ಮೂವತ್ತು ವರ್ಷ ಅದರ ಮೇಲಿನ ತುದಿ ಮಾತ್ರ ಓದಿದೆ. ನೀವು ಹತ್ತು ದಿನ ತಡ ಮಾಡಿದ್ರಿ, ಆಮೇಲಿನ ಹತ್ತು ದಿನ ನನ್ನದು. ಲೆಕ್ಕ ಸಮ. ಇನ್ನು ಆ ಮುಖ ಮಾಡ್ಕೊಂಡು ನನ್ನ ಮುಂದೆ ಕೂರಬೇಡಿ, ಅಷ್ಟು ಮಾತ್ರ ಇನ್ನೂ ಕಾಣುತ್ತೆ."

ಕ್ಯಾಪ್ಟನ್ ಕೇಳಿಯೇಬಿಟ್ಟರು. ಹಾಗಾದರೆ ಆ ಸಂಜೆ ನೀವು ಹೇಳಿದ್ದೆಲ್ಲ — ಚಕ್ರ, ಪಟ್ಟಣ — ರೋಗವಾ?

ಬಳೆ ರೋಗದ್ದು ಎಂದರು. ಹೇಳಿದ್ದು ಯಾರದ್ದು ಅಂತ ತಮಗೆ ಗೊತ್ತಿಲ್ಲ ಎಂದರು.

ಆ ಹನ್ನೆರಡು ಪುಟ ಮತ್ತೆ ಓದಿದೆ. ರೋಗಿಯ ಮಾತಿನಂತೆ ಓದಲು ನೋಡಿದೆ, ಆಗಲಿಲ್ಲ.

ಸೆಪ್ಟೆಂಬರ್ 11. ಭಾನುವಾರ

ನಿಯಮ ಬದಲಾಗಿದೆ. ವಾರದ ಸಂಗತಿ ಹೇಳುವಾಗ ನೆಟ್ಟಿ ಬಾಗಿಲಲ್ಲಿ ನಿಲ್ಲುತ್ತಾಳೆ. ಮೊದಲು ಆಕೆ ಕಾರಣ ಕೇಳಬೇಕು, ಆಮೇಲೆ ನಾವು ಅರ್ಥ ಹುಡುಕಬೇಕು. ಕ್ಯಾಪ್ಟನ್ ತಮ್ಮ ಕೆಮ್ಮಿನ ವಿಷಯ ಎತ್ತಿದರು. ಕೊಂಬಿನ ಸದ್ದಿಗೆ ಕುಸಿದ ಯೆರಿಕೋವಿನ ಗೋಡೆಯವರೆಗೆ ಹೋಗಲು ಆಕೆ ಬಿಡಲಿಲ್ಲ, ಪೈಪನ್ನೇ ಕಿತ್ತುಕೊಂಡಳು. ಅವರ ಛಾವಣಿಗೆ ನಾಳೆ ಬಡಗಿ ಬರುತ್ತಾನೆ.

ನಾನು ಓದುವುದು, ಮಿಸ್ ಹ್ಯಾಲೆಟ್ ಅರ್ಥ ಹೇಳುವುದು, ನಾನೇ ಬರೆದುಕೊಳ್ಳುವುದು. ಇಪ್ಪತ್ತೊಂದು ಮುಗಿಯಿತು. ಒಂದೇ ಅಧ್ಯಾಯ ಉಳಿದಿದೆ.

ಸೆಪ್ಟೆಂಬರ್ 25. ಭಾನುವಾರ, ಸಂಜೆ 8.20

ಸಂಗತಿಗಳನ್ನು ಕ್ರಮವಾಗಿ ಬರೆಯಬೇಕು.

ಐದೂವರೆಗೆ ಶುರು. ಪ್ರಕಟನೆಯ ಕೊನೆಯ ಅಧ್ಯಾಯ. ಬೆಳಕಿತ್ತು, ದೀಪ ಹಚ್ಚಿರಲಿಲ್ಲ. ಜೀವದ ನದಿ, ಹನ್ನೆರಡು ಬಗೆಯ ಹಣ್ಣು ಬಿಡುವ ಮರ. ನಾನು ಒಂದು ವಚನ ಓದುವೆ, ಅವರು ಮಾತಾಡುವರು, ಬರೆದುಕೊಳ್ಳುವೆ, ಮುಂದಿನ ವಚನ. ಅವರ ದನಿ ಜುಲೈ ಮೂರರ ದನಿಯೇ. ಬಳೆ ಇಲ್ಲ, ದೀಪವೂ ಇಲ್ಲ, ದನಿ ಅದೇ. ಇನ್ನು ಅಲ್ಲಿ ರಾತ್ರಿಯಿಲ್ಲ, ಅವರಿಗೆ ದೀಪದ ಬೆಳಕೂ ಸೂರ್ಯನ ಬೆಳಕೂ ಬೇಕಿಲ್ಲ ಎಂಬ ವಚನದ ಬಳಿ ಅವರು ಬಹಳ ಹೊತ್ತು ನಿಂತರು. ಕಣ್ಣು ನೋಡುವುದನ್ನು ಕಲಿತದ್ದು ಬೆಳಕಿನಿಂದ. ಬೆಳಕು ನೋಡುವುದನ್ನು ಕಲಿತದ್ದು ಯಾರಿಂದ ಎಂದು ಕೇಳಿದರು. ಆಮೇಲೆ ಕೊನೆಯ ವಚನದವರೆಗೆ ಓದಿದೆ. ಆಮೆನ್. ವ್ಯಾಖ್ಯಾನ ಮುಗಿಯಿತು. ಒಂಬತ್ತು ವರ್ಷದ್ದು.

ಆಗ ನೆಟ್ಟಿ ಬಾಗಿಲು ತೆರೆದಳು, ಕೈಯಲ್ಲಿ ದೀಪ.

"ಈ ಕತ್ತಲಲ್ಲಿ ಕೂತ್ಕೊಂಡು ಏನು ಓದ್ತಾ ಇದ್ದೀರಿ?"

ಬೆಳಕು ಕಣ್ಣಿಗೆ ಚುಚ್ಚಿತು. ಕ್ಯಾಪ್ಟನ್ ಕೈ ಅಡ್ಡ ಹಿಡಿದರು. ಗಡಿಯಾರದಲ್ಲಿ ಏಳು ಹತ್ತು.

ಇವತ್ತಿನ ಸೂರ್ಯಾಸ್ತ 6.09. ಆ ಸಂಖ್ಯೆಯನ್ನು ಪತ್ರಿಕೆಗೆ ಬರೆದವನು ನಾನೇ. ಆರೂಮುಕ್ಕಾಲಿಗೆ ಪೂರ್ತಿ ಕತ್ತಲು. ಇವತ್ತು ಅಮಾವಾಸ್ಯೆ. ಕಿಟಕಿ ಹಿತ್ತಲಿನ ಕಡೆಗಿದೆ, ಬೀದಿದೀಪ ಬೀಳುವುದಿಲ್ಲ. ಅಗ್ಗಿಷ್ಟಿಕೆ ಹಚ್ಚಿರಲಿಲ್ಲ. ಪುಸ್ತಕದ ಅಕ್ಷರ ಎಷ್ಟು ಸಣ್ಣದೆಂದರೆ ಕಚೇರಿಯ ಬಲ್ಬಿನ ಕೆಳಗೂ ನನಗೆ ಕನ್ನಡಕ ಬೇಕು. ಆ ಕತ್ತಲಲ್ಲೇ ಇಪ್ಪತ್ತೈದು ನಿಮಿಷ ತಡವರಿಸದೆ ಓದಿದ್ದೇನೆ.

ಬಾಯಿಪಾಠ ಇತ್ತೇ? ಮನೆಗೆ ಬಂದು ಪರೀಕ್ಷಿಸಿದೆ. ಪುಸ್ತಕ ಮುಚ್ಚಿ ಹೇಳಲು ನೋಡಿದರೆ ಎರಡನೇ ವಚನದ ನಡುವೆಯೇ ತಡವರಿಸಿದೆ.

ನೆಟ್ಟಿ ಕಾರಣ ಕೇಳಬೇಕು ಎಂಬುದು ಈಗಿನ ನಿಯಮ. ಆಕೆ ನನ್ನನ್ನು ನೋಡಿದಳು, ಪುಸ್ತಕ ನೋಡಿದಳು, ಅಕ್ಕನನ್ನು ನೋಡಿದಳು. ಏನೂ ಕೇಳದೆ ದೀಪವನ್ನು ಮೇಜಿನ ಮೇಲಿಟ್ಟು ಒಳಗೆ ಬಂದು ಕೂತಳು. ಆ ಕೋಣೆಯಲ್ಲಿ ಮೊದಲ ಸಲ.

ಮಿಸ್ ಹ್ಯಾಲೆಟ್ ಅವರಿಗೆ ಕತ್ತಲಾದದ್ದೇ ಗೊತ್ತಾಗಿರಲಿಲ್ಲ.

ನನ್ನ ಶಾರ್ಟ್‌ಹ್ಯಾಂಡ್ ಪುಟಗಳು ಮುಂದಿವೆ. ಒಂಬತ್ತು ಪುಟ. ಕೊನೆಯ ನಾಲ್ಕು ಕತ್ತಲಲ್ಲಿ ಬರೆದವು. ಗೆರೆಯ ಮೇಲೇ ಇವೆ, ಒಂದೂ ಇಳಿದಿಲ್ಲ. ಕಾರಣವೊಂದು ಇದ್ದೇ ಇರಬೇಕು. ಹುಡುಕಬೇಕು, ಹತ್ತು ದಿನ ತಡಮಾಡದೆ. ಈಗಲೇ. ಮೇಜಿನ ದೀಪ ಆರಿಸಿ, ಪುಸ್ತಕ ತೆರೆದು, ಅದೇ ವಚನವನ್ನು —