ಕಣದ ಮೇಲೆ ಬರೆದ ಹೆಸರು

ಪ್ರೀತಿಯ ಅಪ್ಪ,

ಮೊನ್ನೆ ನಿಮ್ಮ ಚೀನೀಯರ ಹೊಸವರ್ಷದ ಹಬ್ಬಕ್ಕೆ ಬೆಂಗಳೂರಿಗೆ ಒಬ್ಬಳೇ ಹೋಗಿ ಬಂದೆ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಅಮ್ಮನೂ ನಿಮ್ಮ ಹಿಂದೆಯೇ ಹೊರಟುಬಿಟ್ಟರು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ಮೂಡಿಗೆರೆಯ ನಮ್ಮ ಹಲ್ಲಿನ ಅಂಗಡಿ ನೆನಪಿದೆಯಾ? ಕಳಸದ ಬಸ್ಸಿನಿಂದ ಕೆನ್ನೆ ಊದಿಸಿಕೊಂಡು ಇಳಿದವರು "ಚೀನಾ ಡಾಕ್ಟ್ರು ಇದಾರಾ?" ಎಂದೇ ಕೇಳುತ್ತಿದ್ದರು. ಬೋರ್ಡಿನ ಮೇಲೂ ಅಷ್ಟೇ ಇತ್ತು. ಅಮ್ಮ ಗಂಡನ ಹೆಸರು ಹೇಳುವವರಲ್ಲ. "ಹೋಯ್, ಇಲ್ ಕೇಳಿ" ಎಂದರೆ ಅದು ನಿಮಗೆ. ಮಕ್ಕಳು ತಂದೆಯ ಹೆಸರನ್ನು ಬಾಯಲ್ಲಿ ಆಡಬಾರದೆಂಬುದು ನಿಮ್ಮ ಕಡೆಯ ಪದ್ಧತಿ. ಒಂದು ಸಲ ಇಕ್ಕಳ ತೊಳೆಯುತ್ತಾ ನೀವೇ ಅಂದಿರಿ, "ನನ್ನ ಹೆಸ್ರು ಹಿಡಿದು ಕರೆದ್ರೆ ಹೆಂಗಿರುತ್ತೆ ಅನ್ನೋದೇ ಮರ್ತು ಹೋಗಿದೆ ಮಾರಾಯ್ತಿ." ನಗುತ್ತಲೇ ಅಂದಿರಿ. ನನಗೆ ನಗು ಬರಲಿಲ್ಲ.

ಕಾಫಿಯೆಲ್ಲ ಒಣಗಿ ಮೂಟೆ ಸೇರಿದ ಮೇಲೆ, ಭಾನುವಾರದ ಬಿಸಿಲಿನಲ್ಲಿ ಎಸ್ಟೇಟಿನ ಸಿಮೆಂಟ್ ಕಣವೇ ನಮ್ಮ ಶಾಲೆ. ನೀವು ಹಲ್ಲು ಕಟ್ಟಿಕೊಟ್ಟಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇಬ್ರಾಹಿಂ ಸಾಬರು ಗೇಟು ತೆಗೆದುಕೊಡುತ್ತಿದ್ದರು. ಒಂದು ಬಕೆಟ್ ನೀರು, ಕೋಲಿಗೆ ಕಟ್ಟಿದ ಕುಂಚ; ನೀರಿನಲ್ಲೇ ನೆಲದ ಮೇಲೆ ನಾನು ಬರೆಯಬೇಕು. ನಿಮ್ಮ ಹೆಸರಿಗೆ ಮೂರೇ ಚೀನೀ ಅಕ್ಷರ, ಆದರೂ ಮೂರನೆಯದು ಮುಗಿಯುವಷ್ಟರಲ್ಲಿ ಮೊದಲಿನದು ಆರಿಹೋಗುತ್ತಿತ್ತು. "ಬೇಗ ಬೇಗ! ಬಾಲ ಬರೋದ್ರೊಳಗೆ ತಲೆ ಹೋಯ್ತು ನೋಡು!" ಎಂದು ನೀವು ಕೂಗುವುದು. "ಏನ್ ಡಾಕ್ಟ್ರೇ, ಮಗಳ ಕೈಲಿ ಕಣ ತೊಳೆಸ್ತಿದೀರಾ?" ಎಂದು ಸಾಬರು ಕಾಲೆಳೆಯುವುದು. ಎಷ್ಟು ಚೆನ್ನಾಗಿತ್ತಲ್ಲ...

ಕಲ್ಕತ್ತದ ಅತ್ತೆ, ಅದೇ ನಿಮ್ಮ ತಂಗಿ, ಫೋನ್ ಮಾಡಿ ಒತ್ತಾಯ ಮಾಡಿದ್ದಕ್ಕೆ ಈ ಹಬ್ಬಕ್ಕೆ ಹೋದೆ. ಹೊರದೇಶಗಳಲ್ಲಿ ನೆಲೆಸಿದ ಚೀನೀಯರ ಮಕ್ಕಳಿಗೆ ಹಾಡು, ಕುಣಿತ, ಬರವಣಿಗೆ ಕಲಿಸಲು ಚೀನಾದಿಂದಲೇ ಮೇಷ್ಟರುಗಳು ಬಂದಿದ್ದರು. ಹಾಲ್ ತುಂಬ ಕೆಂಪು ದೀಪ, ಗುಂಪು ಗುಂಪು ಜನ. ನನ್ನ ಮುಖ ನೋಡಿದವರೆಲ್ಲ ಚೀನೀ ಭಾಷೆಯಲ್ಲಿ ಮಾತಾಡಿಸಿದರು. ನನಗೆ ಆ ಭಾಷೆ ಬಾರದೆಂದು ತಿಳಿದು ಮುಂದೆ ಹೋದರು. ಮೂಡಿಗೆರೆಯಲ್ಲಿ ನಾನು ಚೀನಾದವಳು, ಅಲ್ಲಿ ಏನು? ನೀವು ಮಾಡುತ್ತಿದ್ದಂಥ ಮಾಂಸದ ಕಡುಬಿನ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ನಿಂತಿರಲಿಲ್ಲ ಅಪ್ಪ.

ಬರವಣಿಗೆಯ ಮೇಜಿನಲ್ಲಿದ್ದ ವಯಸ್ಸಾದ ಟೀಚರೊಬ್ಬರು ಕರೆದು ಕೈಗೆ ಕುಂಚ ಕೊಟ್ಟರು. ನನಗೆ ಬರುವುದು ಅವೇ ಮೂರು ಅಕ್ಷರ. ಬರಬರನೆ ಬರೆದೆ. ಕಣದ ಅಳತೆಗೆ ಪಳಗಿದ ಕೈಯಲ್ಲವೇ, ಕೊನೆಯ ಅಕ್ಷರದ ಬಾಲ ಹಾಳೆ ದಾಟಿ ಮೇಜಿನ ಬಟ್ಟೆಗೆ ಹೋಯಿತು. "ಯಾಕಿಷ್ಟು ಅವಸರ? ಇದು ಮಸಿ, ಎಲ್ಲಿಗೂ ಹೋಗುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ನಕ್ಕರು. ನಮ್ಮ ಕಣದ ಬಿಸಿಲನ್ನು ಅವರಿಗೆ ಹೇಗೆ ಹೇಳಲಿ? ಅವರು ಅಕ್ಷರಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ನಿಮ್ಮೂರ ಮಾತಿನಲ್ಲಿ ನೀವು ಓದಿ ಹೇಳುತ್ತಿದ್ದ ರಾಗವೇ ಬೇರೆ, ಆದರೂ ನಿಮ್ಮ ಹೆಸರೇ. "ಯಾರಿವರು?" ಎಂದರು. "ಅಪ್ಪ" ಎಂದಷ್ಟೇ ಬಾಯಿಗೆ ಬಂತು, ಅದೂ ಕನ್ನಡದಲ್ಲಿ. ಅರ್ಥವಾಯಿತೋ ಏನೋ, ಮತ್ತೊಮ್ಮೆ ಮೆಲ್ಲಗೆ ಓದಿದರು.

ನಿಮ್ಮ ಸಮಾಧಿಯ ಮೇಲೂ ನಾವು "ಚೀನಾ ಡಾಕ್ಟರ್" ಎಂದೇ ಬರೆಸಿದ್ದೆವಲ್ಲ, ಈಗ ನಿಮ್ಮ ಹೆಸರೇ ಕೆತ್ತಿದ ಹೊಸ ಕಲ್ಲಿಗೆ ಹೇಳಿದ್ದೇನೆ. ಹಬ್ಬದಲ್ಲಿ ಬರೆದ ಆ ಹಾಳೆ ನೋಡಿದ ಕಲ್ಲುಕೆಲಸದವರು, "ಇದ್ರ ಬಾಲ ಅರ್ಧಕ್ಕೇ ನಿಂತಿದೆಯಲ್ಲಮ್ಮ, ಎಲ್ಲೀತನ್ಕ ಎಳೀಲಿ?" ಎಂದರು. ಕುಂಚ ನೀರಿಗೆ ಅದ್ದಿ ಕಲ್ಲಿನ ಮೇಲೇ ಬರೆದು ತೋರಿಸಿದೆ. ಆರುವ ಮೊದಲೇ ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು.

ಅದನ್ನು ಓದಲು ಈ ಊರಿನಲ್ಲಿ ನಾನೊಬ್ಬಳೇ. ಪದ್ಧತಿ ಏನಾದರೂ ಇರಲಿ ಅಪ್ಪ, ಕಲ್ಲು ನಿಲ್ಲಿಸಿದ ದಿನ ಅದರ ಮುಂದೆ ನಿಂತು ಒಂದು ಸಲ ನಿಮ್ಮ ಹೆಸರು ಹಿಡಿದು ಕರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮಗಳು