ಹಿತ್ತಾಳೆ ಚುಕ್ಕಿಯ ದಾಳ

ಮಂಗಳವಾರ, ಬೆಳಗಿನ ಹತ್ತು ಗಂಟೆ

ನನ್ನ ಮುದ್ದಿನ ಪುಟ್ಟಿಗೆ,

ದೊಡ್ಡಣ್ಣನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯಮ್ಮ? ನಿನ್ನ ಯಜಮಾನರ ಸೊಂಟನೋವು ಇಳಿಯಿತೆ? ಇಡೀ ದಿನ ಬಸ್ಸಿನ ಸ್ಟಿಯರಿಂಗ್ ಹಿಡಿದು ಕೂರುವವರು, ಬೆನ್ನಿಗೊಂದು ದಿಂಬಿಟ್ಟುಕೊಳ್ಳಲಿ. ಮಕ್ಕಳು ಹೇಗಿದ್ದಾರೆ? ಜಾಣಿಯ ಕೆಮ್ಮು ನಿಂತಿತೆ? ಗುಂಡಿಗೆ ಹೊಸ ಕನ್ನಡಕ ಒಗ್ಗಿತೆ? ಇಲ್ಲಿ ನಿನ್ನ ಅತ್ತಿಗೆ ಆರೋಗ್ಯವಾಗಿದ್ದಾಳೆ, ನನ್ನೊಡನೆ ಮಾತ್ರ ಅಳೆದು ತೂಗಿ ಮಾತಾಡುತ್ತಾಳೆ. ನನಗೆ ಕಾಯಿಲೆಯೇನಿಲ್ಲ. ಆದರೆ ನೀನು ನಮ್ಮ ಮನೆಯ ಮೆಟ್ಟಿಲಿಳಿದು ಹೋದ ಮೇಲೆ ಮೂರು ಭಾನುವಾರ ಕಳೆದವು, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತೇನೆ.

ಆ ಆಟದ ಡಬ್ಬಿಯನ್ನು ನೋಡಿದರೇ ನನಗೆ ಹೇಸಿಗೆ. ಪಾಪ, ಜಾಣಿ ಎಷ್ಟು ಆಸೆಯಿಂದ ತಂದುಕೊಟ್ಟಿದ್ದಳು. ‘ದೊಡ್ಡ ಮಾವ, ದಾಳ ಅಂದ್ರೆ ಹಡಗು, ಈ ಚೀಲ ಅಂದ್ರೆ ಹಡಗುಕಟ್ಟೆ, ಒಬ್ಬೊಬ್ರೂ ನೋಡದೆ ಒಂದೊಂದು ದಾಳ ತೆಗೀಬೇಕು, ಆಟ ಮುಗಿಯೋವರೆಗೂ ಅದೇ, ಒಂದು ಬಿದ್ರೆ ಎದುರಿಗಿರೋ ಗ್ರಹ ನಿಮ್ದು, ಮಿಕ್ಕಿದ್ದಕ್ಕೆಲ್ಲ ಬರೀ ಇಂಧನ’ ಎಂದು ಮೊದಲ ದಿನ ನಮಗೆ ಪಾಠ ಹೇಳಿದ್ದಳು. ಆಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಆಟ. ನಾನು, ನೀನು, ನಿನ್ನ ಅತ್ತಿಗೆ, ನಿನ್ನ ಚಿಕ್ಕಣ್ಣ, ನಾಲ್ವರು ಮುದುಕರು ಸೇರಿ ಅದನ್ನು ಏನು ಮಾಡಿಟ್ಟೆವು ನೋಡು! ನಿನ್ನ ಚಿಕ್ಕಣ್ಣ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒತ್ತಿ ಎತ್ತಿದ ಗ್ರಹದ ಎಲೆಗಳೆಲ್ಲ ಅಂಟಂಟು. ದಾಳದ ಬಟ್ಟಲಿಗೆ ಅವನು ಊದಿ ಊದಿ ಅದಕ್ಕೊಂದು ಬಾಯಿನಾತ. ನೇರಳೆ ಗ್ರಹದ ಮೇಲೆ ಚಹಾ ಲೋಟದ ಕಲೆ, ಸೂರ್ಯನ ಮೇಲೆ ಬಿಸ್ಕತ್ತಿನ ಪುಡಿ. ಗೆದ್ದಾಗಲೆಲ್ಲ ಕುರ್ಚಿಯಿಂದೆದ್ದು ‘ಎಲ್ಲಿ, ಚಕ್ರವರ್ತಿಗಳೇ ಅನ್ನಿ’ ಎನ್ನುತ್ತಿದ್ದ. ನಾವೂ ಅನ್ನುತ್ತಿದ್ದೆವು. ಹನ್ನೊಂದು ತಿಂಗಳು ಅಂದೆವಲ್ಲ, ಛೀ!

ಆ ದಿನ ನಡೆದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನುಣುಚಿಕೊಂಡ ಹಾಗಾಗುತ್ತದೆ. ನೀನು ದಾಳ ಹಾಕಿದಾಗಲೆಲ್ಲ ಒಂದು, ಮತ್ತೆ ಒಂದು. ನಿನ್ನ ಮುಂದೆ ಏಳು ಗ್ರಹ ಸಾಲಾಗಿ ಕೂತವು. ನೀನು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದೆ. ನಿನ್ನ ಚಿಕ್ಕಣ್ಣನ ಮುಖ ಹುಳಿ ಕುಡಿದಂತಾಯಿತು. ‘ಮಾತ್ರೆ ಎಣಿಸೋ ಕೈಯಮ್ಮ ಅದು, ಎಲ್ಲಿ ಒತ್ತಿದ್ರೆ ಏನು ಬೀಳುತ್ತೆ ಅಂತ ಅದಕ್ಕೆ ಗೊತ್ತು’ ಎಂದ. ನೀನು ತಮಾಷೆ ಎಂದುಕೊಂಡೆ. ಅವನು ನಿಲ್ಲಿಸಲಿಲ್ಲ. ‘ಔಷಧಿ ಅಂಗಡೀಲೂ ಹೀಗೇನಾ? ಹತ್ತು ಅಂತ ಹೇಳಿ ಒಂಬತ್ತು ಕೊಡೋದಾ?’ ಎಂದುಬಿಟ್ಟ. ಇಪ್ಪತ್ತೆರಡು ವರ್ಷ ಆ ಅಂಗಡಿಯ ಕೌಂಟರಿನ ಹಿಂದೆ ನಿಂತು, ಒಂದು ಮಾತ್ರೆ ಹೆಚ್ಚುಕಡಿಮೆಯಾಗದ ಹಾಗೆ ಕೊಟ್ಟ ಕೈಗೆ ಆ ಮಾತು! ಊರಿನ ಅಂಗಡಿಗಳ ತಕ್ಕಡಿಗೆಲ್ಲ ಮುದ್ರೆ ಒತ್ತುವ ಅಧಿಕಾರಿ ಅವನು. ದಾಳವನ್ನೊಮ್ಮೆ ಎತ್ತಿ ನೋಡಲಿಲ್ಲ, ನೇರವಾಗಿ ತಂಗಿಯ ಕೈಗೆ ಮುದ್ರೆ ಒತ್ತಿದ.

ನೀನು ನನ್ನ ಮುಖ ನೋಡಿದೆ. ನಾನು ಚಹಾದ ಲೋಟ ನೋಡಿದೆ.

ಆಮೇಲಿನದು ನಿನಗೆ ತಿಳಿಯದು. ನಿನ್ನ ಚಪ್ಪಲಿಯ ಸದ್ದು ಕೆಳಗಿನ ಬಾಗಿಲು ತಲುಪುವ ಮೊದಲೇ ಅವನು ನಿನ್ನ ಏಳು ಗ್ರಹಗಳನ್ನು ಹಂಚಲು ಕೂತ. ‘ಆಟ ಬಿಟ್ಟು ಎದ್ದವರದ್ದು ಉಳಿದವರಿಗೆ’ ಎಂದ. ನಿನ್ನ ಅತ್ತಿಗೆ ಮುಟ್ಟಲಿಲ್ಲ. ನನ್ನ ಪಾಲಿಗೆ ಎರಡು ಬಂದವು, ತೆಗೆದುಕೊಂಡೆ. ಒಂದು ಆ ನೀಲಿ ಬಣ್ಣದ್ದು, ನೀನು ಚೆಂದ ಎಂದಿದ್ದೆಯಲ್ಲ, ಅದೇ. ಇದನ್ನು ಬರೆಯುವಾಗ ನನ್ನ ಕೈ ನನಗೇ ಕೊಳಕಾಗಿ ಕಾಣುತ್ತಿದೆ.

ಈಗ ಮುಖ್ಯವಾದ ಮಾತು. ತಪ್ಪು ನಿನ್ನ ಕೈಯದಲ್ಲ, ದಾಳದ್ದು. ಆ ದಾಳ ನಾನು ಮಾಡಿದ್ದು. ಡಬ್ಬಿಯಲ್ಲಿದ್ದ ಪ್ಲಾಸ್ಟಿಕ್ ದಾಳಗಳಲ್ಲಿ ಒಂದು ಕಸದ ಜೊತೆ ಹೊರಟುಹೋಗಿತ್ತು. ಅದರ ಬದಲಿಗೆ ನಾನು ಮರದ ತುಂಡೊಂದನ್ನು ಕೊರೆದು, ಉಜ್ಜಿ, ಬಿಳಿ ಬಣ್ಣ ಹಚ್ಚಿದೆ. ಚುಕ್ಕಿಯನ್ನು ಮಸಿಯಲ್ಲಿ ಇಟ್ಟಿದ್ದರೆ ಮುಗಿಯುತ್ತಿತ್ತು. ನಲವತ್ತು ವರ್ಷ ಒಡವೆ ಪೆಟ್ಟಿಗೆಗಳಿಗೆ ಹಿತ್ತಾಳೆ ಮೊಳೆ ಕೂರಿಸಿದ ಕೈ ಕೇಳಬೇಕಲ್ಲ! ಚುಕ್ಕಿಗೊಂದು ಮೊಳೆ ಕೂರಿಸಿದೆ. ಆರರ ಮುಖಕ್ಕೆ ಆರು ಮೊಳೆ, ಅದರ ಎದುರಿನ ಒಂದರ ಮುಖಕ್ಕೆ ಒಂದೇ. ಭಾರದ ಕಡೆ ಕೆಳಕ್ಕೆ ಕೂತರೆ ಮೇಲೆ ಒಂದಲ್ಲದೆ ಇನ್ನೇನು ಬಿದ್ದೀತು? ನನಗೇ ತಿಳಿಯದೆ ಆದ ತಪ್ಪು.

ಮೊನ್ನೆ ಭಾನುವಾರ ನಿನ್ನ ಚಿಕ್ಕಣ್ಣನನ್ನು ಕೂರಿಸಿಕೊಂಡು, ಒಂದು ಲೋಟ ಉಪ್ಪುನೀರಿಗೆ ಆ ದಾಳ ಬಿಟ್ಟು ತೋರಿಸಿದೆ. ಎಷ್ಟು ಸಲ ಬೆರಳಿನಿಂದ ಒತ್ತಿ ಬಿಟ್ಟರೂ ಒಂದರ ಮುಖವೇ ಮೇಲೆ ತಿರುಗಿ ತೇಲಿತು. ಅವನು ಕನ್ನಡಕ ಏರಿಸಿ ನೋಡಿದ. ‘ಸರಿ, ದಾಳ ಸರಿಯಿಲ್ಲ ಅನ್ನೋಣ. ಅದು ಅವಳಿಗೆ ಮೊದಲೇ ಗೊತ್ತಿರಲಿಲ್ಲ ಅನ್ನೋದಕ್ಕೇನು ಗ್ಯಾರಂಟಿ?’ ಎಂದ. ಅಷ್ಟು ಹೇಳಿ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಪೇಪರಿನ ಪುಟ ತಿರುಗಿಸಿದ. ನಿನ್ನ ಅತ್ತಿಗೆ ಅಡುಗೆಮನೆಯಿಂದಲೇ, ‘ಮಾಡಿದ್ದು ನಿಮ್ಮ ಕೈ ತಾನೇ? ಅವಳಿಗೆ ಹೇಳೋಕೆ ಲೋಟ ನೀರು ಯಾಕೆ ಬೇಕು?’ ಎಂದಳು. ಅದಕ್ಕೇ ಈ ಕಾಗದ.

ನಿನ್ನ ಮನೆಗೇ ಬಂದು ಹೇಳಬೇಕಿತ್ತು. ಹೋದ ವಾರ ನಿಮ್ಮ ಬೀದಿಯ ತಿರುವಿನವರೆಗೂ ಬಂದಿದ್ದೆ. ನೀನು ಅಂಗಡಿಯಿಂದ ಬರುವುದು ಕಾಣಿಸಿತು, ಹಿಂದಿರುಗಿಬಿಟ್ಟೆ. ಮುದುಕನಾದರೂ ಹೇಡಿತನಕ್ಕೆ ವಯಸ್ಸಾಗುವುದಿಲ್ಲವಮ್ಮ.

ನೀನು ಬರದಿದ್ದರೂ ಸರಿ, ಬೈದಾದರೂ ನಾಲ್ಕು ಸಾಲು ಬರೆ. ಈ ವಾರವೇ ಬರೆ. ಅಂಚೆಯವನನ್ನು ದಿನಾ ಬಾಗಿಲಲ್ಲೇ ತಡೆದು ಕೇಳುತ್ತೇನೆ, ಅವನಿಗೂ ಬೇಸರ ಬಂದುಬಿಟ್ಟಿದೆ. ಮಕ್ಕಳಿಗೆ ನನ್ನ ಮುತ್ತು.

ಇತಿ,
ನಿನ್ನ ದೊಡ್ಡಣ್ಣ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಮೇಲೆ ‘ತಿಳಿಯದೆ’ ಎಂದು ಬರೆದದ್ದು ಸುಳ್ಳು. ದಾಳದ ಬಣ್ಣ ಒಣಗಿದ ಮೇಲೆ ಕೆಲಸದ ಮೇಜಿನ ಮೇಲೆ ಇಪ್ಪತ್ತು ಸಲ ಉರುಳಿಸಿದ್ದೆ, ಹನ್ನೊಂದು ಸಲ ಒಂದೇ ಬಿದ್ದಿತ್ತು. ಗೊತ್ತಿದ್ದೇ ಆ ದಿನ ಮೊದಲ ಸಲ ಅದನ್ನು ಚೀಲಕ್ಕೆ ಹಾಕಿದೆ. ಪ್ರತಿ ವಾರ ಹಿರಿಯನೆಂದು ಚೀಲಕ್ಕೆ ಮೊದಲು ಕೈ ಹಾಕುವವನು ನಾನು; ಪ್ಲಾಸ್ಟಿಕ್ಕಿನ ನಡುವೆ ಮರವನ್ನು ನನ್ನ ಬೆರಳು ಕತ್ತಲಲ್ಲೂ ಗುರುತಿಸುತ್ತದೆ. ಒಂದೇ ಒಂದು ಸಲ ನಿನ್ನ ಚಿಕ್ಕಣ್ಣನ ಬಾಯಲ್ಲಿ ‘ಚಕ್ರವರ್ತಿಗಳೇ’ ಎನ್ನಿಸಿಕೊಳ್ಳುವ ಚಪಲ. ಆ ದಿನ ನಿನ್ನ ಅತ್ತಿಗೆ ‘ಇವತ್ತು ಪುಟ್ಟಿ ಮೊದಲು ತೆಗೀಲಿ’ ಅಂದುಬಿಟ್ಟಳು, ಆ ದಾಳ ನಿನ್ನ ಕೈಗೆ ಬಂತು. ಇದು ಅವಳಿಗೂ ಗೊತ್ತಿಲ್ಲ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಮೊದಲು ನಿನ್ನ ಚಿಕ್ಕಣ್ಣನಿಗೆ.