ಸುಟ್ಟ ಗಿಡ ತೋರಿಸಿ ಎಂದ ಸಾಹೇಬರಿಗೆ

ಮಾನ್ಯ ಕೃಷಿ ಅಧಿಕಾರಿಗಳೇ,

ನಿಮ್ಮ ಮಾತು ಕೇಳಿದ್ದೇ ನಮ್ಮ ತಪ್ಪಾಯಿತು. ಗೋವಿನಜೋಳಕ್ಕೆ ಹೊಸ ಶಿಲೀಂಧ್ರ ರೋಗ ಬಂದಿದೆ, ಕಂಡ ತಕ್ಷಣ ಗಿಡ ಕಿತ್ತು ಸುಡಿ ಎಂದು ನಮ್ಮೂರು ಮೇಡ್ಲೇರಿಯ ತುಂಬ ಡಂಗುರ ಸಾರಿಸಿದವರು ನೀವು. ನನ್ನ ಹೆಂಡತಿ ಗುತ್ತೆವ್ವ ಅಂದೇ ಹೊಲಕ್ಕಿಳಿದಳು. ಎಲೆಯ ಮೇಲೆ ಕರಿ ಚುಕ್ಕೆ ಎದ್ದು ದಂಟು ಒಳಗೇ ಕೊಳೆಯುತ್ತಿದ್ದ ಗಿಡಗಳನ್ನೆಲ್ಲ ಕಿತ್ತು, ಬದುವಿನಲ್ಲಿ ಬೂದಿ ಮಾಡಿದಳು. ಆಮೇಲೆ ತಾವು ತಪಾಸಣೆಗೆ ದಯಮಾಡಿಸಿದಿರಿ.

“ರೋಗ ಎಲ್ಲೈತಿ?” ಎಂದಿರಿ.

“ನೀವು ಹೇಳಿದಂಗ ಸುಟ್ಟೇವ್ರಿ,” ಎಂದಳು ಗುತ್ತೆವ್ವ.

“ಬೂದಿ ನೋಡಿ ರೋಗ ಐತಿ ಅಂತ ಹೆಂಗ ಬರೀಲವ್ವಾ?”

ಮೇಡ್ಲೇರಿ ರೋಗಮುಕ್ತ ಎಂದು ಬರೆದುಕೊಂಡು ಜೀಪು ಹತ್ತಿದಿರಿ. ಆಹಾ, ಎಂಥ ಚಿಕಿತ್ಸೆ! ಕೀಳದಿದ್ದರೆ ನಾವು ಬೇಜವಾಬ್ದಾರಿಗಳು, ಕಿತ್ತರೆ ರೋಗವೇ ಇಲ್ಲ. ಗಿಡವನ್ನು ಅರ್ಧ ಸುಟ್ಟು ಅರ್ಧ ಉಳಿಸಬೇಕಿತ್ತೇ? ಲ್ಯಾಬಿಗೆ ಒಂದೆಲೆಯೂ ಹೋಗಲಿಲ್ಲ. ಹೀಗಾಗಿ ಯಾವ ಔಷಧ ಹೊಡೆಯಬೇಕೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಂಗಡಿಯವನು ಕೊಟ್ಟದ್ದನ್ನು ಹೊಡೆಯುತ್ತೇವೆ. ರೋಗಕ್ಕೆ ಏನೂ ಆಗುವುದಿಲ್ಲ, ನಮಗೆ ಕೆಮ್ಮು ಬರುತ್ತದೆ.

ರೋಗ ಮತ್ತೆ ಕಾಣಿಸಿತು. ಈ ಸಲ ಬುದ್ಧಿ ಕಲಿತು, ಬೀಗರಿಗೆ ಹೋಳಿಗೆ ಎತ್ತಿಟ್ಟಂತೆ, ನಿಮಗಾಗಿ ಒಂದು ಸಾಲು ಉಳಿಸಿದೆವು. ಫೋನು ಮಾಡಿದಾಗಲೆಲ್ಲ “ನಾಳೆ ಬರತೇವಿ” ಎಂದಿರಿ. ಪಕ್ಕದ ಹೊಲದ ಬಾಬಾಜಾನ ಬದುವಿಗೆ ಬಂದು ನಿಲ್ಲುತ್ತಿದ್ದ.

“ಅಂಜಿನಪ್ಪಣ್ಣ, ಸಾಹೇಬ್ರು ಬರೋದ್ರಾಗ ಗಾಳಿ ಬೀಸಿದ್ರ ನನ್ನ ಹೊಲದ ಗತಿ ಏನು?”

“ನಾಳೆ ಬರ್ತಾರಂತ, ತಡಿಯಪಾ,” ಎಂದೆ ನಾನು, ನಿಮ್ಮನ್ನು ನಂಬಿ.

ಗಾಳಿಗೆ ನಿಮ್ಮಷ್ಟು ಪುರುಸೊತ್ತಿರಲಿಲ್ಲ. ಮೊನ್ನೆ ಬಾಬಾಜಾನನ ಮೊದಲ ಸಾಲಿನ ಎಲೆಗಳ ಮೇಲೆ ಅವೇ ಕರಿ ಚುಕ್ಕೆ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾಚಿಕೆಯಿಂದ ಅವನ ಮುಖ ನೋಡಲಾಗುತ್ತಿಲ್ಲ. ಗುತ್ತೆವ್ವ ನನ್ನನ್ನು ಕೇಳದೆಯೇ ನಮ್ಮ ಸಾಲನ್ನು ಸುಟ್ಟುಹಾಕಿದಳು. ಅಲ್ಲಿಗೆ ನನ್ನ ಹೊಲ ಮತ್ತೆ ರೋಗಮುಕ್ತವಾಯಿತು, ಬರೆದುಕೊಳ್ಳಿ.

ಬಾಬಾಜಾನ ಇನ್ನೂ ಕಿತ್ತಿಲ್ಲ. ಅವನ ಆಚೆ ಖತೀಜಾಬಿಯ ಹೊಲವಿದೆ, ಅದರಾಚೆ ಇಡೀ ಊರಿನ ಬೆಳೆಯಿದೆ. ಈ ಪತ್ರ ಪೇಪರಿನಲ್ಲಿ ಅಚ್ಚಾದ ದಿನ ಸಂಜೆಯವರೆಗೆ ಮಾತ್ರ ಕೀಳದೆ ತಡೆಯುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಬನ್ನಿ. ರಸ್ತೆಯಲ್ಲಿ ನಿಂತು ನೋಡಬೇಡಿ, ಸಾಲಿನೊಳಗೆ ಇಳಿಯಿರಿ. ಎಲೆ, ದಂಟು ಲ್ಯಾಬಿಗೆ ಒಯ್ದು ಔಷಧದ ಹೆಸರು ಹೇಳಿ. ನೀವು ಬಾರದಿದ್ದರೆ ಸಂಜೆ ಅವನ ಜೊತೆ ನಾನೇ ನಿಂತು ಕೀಳುತ್ತೇನೆ; ನಿಮಗೆ ತೋರಿಸಲಿಕ್ಕೆಂದು ಇನ್ನೊಬ್ಬರ ಹೊಲ ಹಾಳುಮಾಡುವ ಧೈರ್ಯ ನನಗಿಲ್ಲ.

ಇಂತಿ,
ನಿಮ್ಮ ಮಾತು ಕೇಳಿ ತಾನು ಕೆಟ್ಟ, ನಿಮಗಾಗಿ ಕಾದು ನೆರೆಯವನನ್ನೂ ಕೆಡಿಸಿದ
ಅಂಜಿನಪ್ಪ, ಮೇಡ್ಲೇರಿ